ಗೇಟಿನವರೆಗೆ ಬಾರದ ಅತ್ತೆ

ಅತ್ತೆಯನ್ನು ಒಂದು ವಾರದ ಕಂತುಗಳಲ್ಲಿ ಒಳ್ಳೆಯವಳನ್ನಾಗಿ ಮಾಡಬೇಕೆಂದು ಚಾನೆಲ್‌ನಿಂದ ಸೂಚನೆ ಬಂತು. ಆಗ ನಾನು ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ಶೂಟಿಂಗ್ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಅದೇ ಅತ್ತೆ ತನ್ನ ಬಳೆಗಳನ್ನು ಸೊಸೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಅವಳನ್ನು ಕಳ್ಳಿ ಮಾಡುವ ದೃಶ್ಯಕ್ಕೆ ಮಾತು ಬರೆಯುತ್ತಿದ್ದೆ. ಅರ್ಧ ಬರೆದದ್ದನ್ನು ಅಲ್ಲಿಗೇ ಬಿಟ್ಟೆ.

ನಾನು ದಿನವಹಿ ಧಾರಾವಾಹಿಗೆ ಸಂಭಾಷಣೆ ಬರೆಯುವವಳು. ಕಥೆ ಬೆಂಗಳೂರಿನಲ್ಲಿ ಹುಟ್ಟುತ್ತದೆ. ಅಲ್ಲಿಂದ ಪ್ರತಿ ಕಂತಿನ ದೃಶ್ಯಗಳ ಸಾರ ನನ್ನ ಫೋನಿಗೆ ಬರುತ್ತದೆ: ಅಡುಗೆಮನೆ, ಹಗಲು, ಅತ್ತೆ ಸೊಸೆಯನ್ನು ಹಂಗಿಸುತ್ತಾಳೆ, ಗಂಡ ಕೇಳಿಸಿಕೊಂಡೂ ಸುಮ್ಮನಿರುತ್ತಾನೆ. ಆ ಒಂದು ಸಾಲಿಗೆ ನಾನು ಮೂರು ನಿಮಿಷದ ಮಾತು ತುಂಬಬೇಕು. ಕಥೆ ನಡೆಯುವುದು ಕರಾವಳಿಯಲ್ಲಾದ್ದರಿಂದ ಮಾತೂ ಇಲ್ಲಿಯದೇ ಇರಲಿ ಎಂದು ಪುತ್ತೂರಿನಲ್ಲಿ ಒಬ್ಬಳೇ ಇದ್ದ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಾನು ಬರೆದದ್ದು ಶೂಟಿಂಗ್ ಮನೆಯಲ್ಲಿ ಪ್ರಿಂಟ್ ಆಗುತ್ತದೆ. ಸಹಾಯಕ ನಿರ್ದೇಶಕಿ ಕ್ಯಾಮೆರಾದ ಪಕ್ಕ ನಿಂತು ಒಂದೊಂದೇ ಸಾಲು ಓದಿಹೇಳುತ್ತಾಳೆ, ನಟರು ಅದನ್ನು ಹಿಡಿದು ತಮ್ಮದು ಮಾಡಿಕೊಂಡು ಆಡುತ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕೆ ಪ್ರಾಂಪ್ಟಿಂಗ್ ಅನ್ನುತ್ತೇವೆ. ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿಲ್ಲ.

ಅಂದು ಮಧ್ಯಾಹ್ನ ವೀಡಿಯೊ ಕರೆಯಲ್ಲಿ ಸಭೆ. ಚಾನೆಲ್‌ನ ಪರವಾಗಿ ನಮ್ಮ ಧಾರಾವಾಹಿಯನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನೇರವಾಗಿ ವಿಷಯಕ್ಕೆ ಬಂದಳು.

"ಮೇಡಂ, ವಿಲನ್ ಅತ್ತೆ ಈಗ ಓಡಲ್ಲ. ನೋಡೋರಲ್ಲಿ ತುಂಬ ಜನ ತಾವೇ ಅತ್ತೆಯಂದಿರು. ದಿನಾ ತಮ್ಮನ್ನೇ ಬೈಸಿಕೊಳ್ಳೋಕೆ ಯಾರು ಕೂರ್ತಾರೆ? ಅತ್ತೆಗೆ ಒಂದು ಹಿನ್ನೆಲೆ ಕೊಡಿ, ಕಣ್ಣೀರು ಕೊಡಿ. ಸೊಸೆ ಮನೆ ಬಿಟ್ಟು ಹೊರಡೋ ಸಂಚಿಕೆ ಬರುತ್ತಲ್ಲ, ಅಲ್ಲಿ ತಿರುಗಿಸಿ."

"ತಿರುಗದಿದ್ದರೆ?" ಎಂದು ನಿರ್ದೇಶಕರು ಕೇಳಿದರು. ಅವರು ಬೆಂಗಳೂರಿನವರು, ಮೃದು ಸ್ವಭಾವದವರು. ಸಮಯಕ್ಕೆ ಮಾತ್ರ ಹೆದರುವವರು.

"ಫೋಟೋ ಮಾಡೋಣ."

ಫೋಟೋ ಮಾಡುವುದೆಂದರೆ ಪಾತ್ರವನ್ನು ಸಾಯಿಸಿ ಗೋಡೆಯ ಮೇಲೆ ಹಾರ ಹಾಕಿದ ಪಟ ತೂಗಿಸುವುದು. ಅತ್ತೆಯ ಪಾತ್ರ ಮಾಡುತ್ತಿದ್ದ ನಟಿ ಪಕ್ಕದ ಹಾಲ್‌ನಲ್ಲೇ ಮೇಕಪ್ ತೆಗೆಯುತ್ತ ಕೂತಿದ್ದರು. ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಕರೆ ಮುಗಿಸಿ ನಾನು ಹೊರಗೆ ಬಂದಾಗ ಅವರು ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಒರೆಸುವುದಕ್ಕೆ ಬಣ್ಣ ಉಳಿದಿರಲಿಲ್ಲ.

ಅವರು ಧಾರವಾಡದ ಕಡೆಯವರು. ಹುಡುಗಿಯಾಗಿದ್ದಾಗ ಕಂಪನಿ ನಾಟಕದಲ್ಲಿ ನಾಯಕಿ, ಆಮೇಲೆ ಅಕ್ಕ, ಆಮೇಲೆ ಟೀವಿಗೆ ಬಂದು ಅತ್ತೆ. ಹುಬ್ಬು ಏರಿಸುವುದರಲ್ಲಿ ಅವರಿಗೆ ಸಮಾನರಿಲ್ಲ ಎಂದು ಕ್ಯಾಮೆರಾದವರು ಹೇಳುತ್ತಿದ್ದರು.

ಮೊದಲ ಪ್ರಯತ್ನದಲ್ಲಿ ಚಾನೆಲ್ ಹೇಳಿದ್ದನ್ನೇ ಬರೆದೆ. ಅತ್ತೆಗೂ ಹಿಂದೆ ಒಬ್ಬಳು ಅತ್ತೆಯಿದ್ದಳು, ಅವಳು ಇವಳನ್ನು ಉಪವಾಸ ಕೆಡವಿದ್ದಳು, ಆ ನೋವೇ ಇವಳನ್ನು ಕಲ್ಲು ಮಾಡಿತು. ಈಗ ಸೊಸೆ ಹೊರಡುವಾಗ ಎಲ್ಲ ನೆನಪಾಗಿ, ಓಡಿ ಬಂದು ಅವಳ ಕಾಲಿಗೆ ಬೀಳುತ್ತಾಳೆ. ನಟಿ ಹಾಳೆಯನ್ನು ಪೂರ್ತಿ ಓದಿ ನನ್ನ ಮುಂದಿಟ್ಟರು.

"ಏನ್ರಿ ಮೇಡಂ ಇದು? ನಿನ್ನಿ ಮಟ ಸೊಸಿಗೆ ಮನಿ ಬಿಟ್ಟು ಹೋಗು ಅಂದಾಕಿ, ಇವತ್ತ ಕಾಲಿಗೆ ಬೀಳ್ತಾಳಂದ್ರ ಯಾರ್ ನಂಬ್ತಾರ? ನಾ ಬೀಳ್ತೀನಿ, ಅದು ನನ್ನ ಕೆಲಸ. ಆದ್ರ ಬಿದ್ದಾಕಿ ನಾ ಆಗಿರ್ತೀನಿ, ಆ ಅತ್ತಿ ಆಗಿರಂಗಿಲ್ಲ."

ನಿರ್ದೇಶಕರಿಗೂ ಅದು ಹಿಡಿಸಲಿಲ್ಲ. ಎರಡನೆಯ ಸಲ ಕಾಲಕ್ಕೆ ತಕ್ಕ ಅತ್ತೆಯನ್ನು ಬರೆಯೋಣವೆಂದರು. ಈಗಿನ ಧಾರಾವಾಹಿಗಳಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ. ಚೂಡಿದಾರ ಹಾಕುತ್ತಾರೆ, ಸೊಸೆಯ ಜತೆ ಸೇರಿ ಮಗನನ್ನು ಗೇಲಿ ಮಾಡುತ್ತಾರೆ, ಸ್ಕೂಟರಿನಲ್ಲಿ ಹಿಂದೆ ಕೂತು ಐಸ್‌ಕ್ರೀಂ ತಿನ್ನಲು ಹೋಗುತ್ತಾರೆ. ಅಂಥದೊಂದು ದೃಶ್ಯ ಬರೆದೆ. ಸವಣೂರು ಪೇಟೆಯ ಬದಿಯಲ್ಲಿ ಚಿತ್ರೀಕರಣವೂ ಆಯಿತು. ನಮಗೆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದ ಹೆಂಗಸು ನೋಡಲು ಬಂದಿದ್ದರು. ಮಾನಿಟರಿನಲ್ಲಿ ಎರಡು ಟೇಕ್ ನೋಡಿದ ಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಚಂದ ಉಂಟು. ಆದರೆ ಇದು ಅತ್ತೆ ಅಲ್ಲ ಮಾರಾಯ್ರೆ. ಕಾಲೇಜಿನ ಫ್ರೆಂಡಿಗೆ ಬಿಳಿ ಕೂದಲು ಹಚ್ಚಿದ ಹಾಗೆ ಆಯ್ತು."

ಅದನ್ನೂ ಕೈಬಿಟ್ಟೆವು.

ಆ ಸಂಜೆ ಪುತ್ತೂರಿಗೆ ಬಸ್ಸಿನಲ್ಲಿ ಬರುವಾಗ ನನಗೆ ಅನಿಸಿದ್ದು ಇಷ್ಟು. ಹಳೆಯ ಅತ್ತೆ ಇರುವುದು ಸೊಸೆಯನ್ನು ಅಳಿಸುವುದಕ್ಕೆ, ಹೊಸ ಅತ್ತೆ ಅವಳನ್ನು ನಗಿಸುವುದಕ್ಕೆ. ಸೊಸೆ ಕೋಣೆಯಿಂದ ಹೊರಗೆ ಹೋದಮೇಲೆ ಅತ್ತೆ ಏನು ಮಾಡುತ್ತಾಳೆಂದು ಇಬ್ಬರನ್ನೂ ಬರೆದವರಿಗೆ ಗೊತ್ತಿಲ್ಲ. ಇನ್ನೊಂದು ಮಾತೂ ಇತ್ತು. ನಮ್ಮ ಕಡೆಯ ಹಳೆಯ ಕುಟುಂಬಗಳಲ್ಲಿ ಮನೆಯ ಲೆಕ್ಕ ತಾಯಿಯ ಕಡೆಯಿಂದ. ಹೆಣ್ಣು ಮದುವೆಯಾದರೂ ತನ್ನ ತಾಯಿಯ ಮನೆಯವಳೇ. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯನ್ನು ಕಾಯುವ ಅತ್ತೆ ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಟೀವಿಯಿಂದ. ನನಗೆ ಗೊತ್ತಿದ್ದ ಅತ್ತೆ ಹಾಗಿರಲಿಲ್ಲ. ನಾನು ತಿಂಗಳುಗಟ್ಟಲೆ ಆ ಕೆಟ್ಟ ಅತ್ತೆಯನ್ನು ಸಲೀಸಾಗಿ ಬರೆದದ್ದು, ಗೊತ್ತಿದ್ದ ಅತ್ತೆಯ ಹತ್ತಿರ ಹೋಗುವುದನ್ನು ತಪ್ಪಿಸಿಕೊಳ್ಳುವುದಕ್ಕೇ ಇರಬೇಕು.

ಅವರನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ತುಳುವಿನಲ್ಲಿ ಅತ್ತೆಗೆ ಮಾಮಿ. ಅವರ ಮಗನ ಜತೆ ನಾನು ಸಂಸಾರ ಮಾಡಿದ್ದು ಕಾಣಿಯೂರಿನ ಅವರ ಮನೆಯಲ್ಲಿ. ಅವನು ಹೊಡೆದವನಲ್ಲ, ಬೈದವನೂ ಅಲ್ಲ. ಮಾತಾಡುವುದನ್ನು ನಿಲ್ಲಿಸಿದ. ನಾನು ಬಡಿಸಿದ್ದನ್ನು ಉಂಡು, ನಾನು ಇಲ್ಲದ ಹಾಗೆ ಎದ್ದು ಹೋಗುತ್ತಿದ್ದ. ವರ್ಷಗಳು ಹಾಗೇ ಕಳೆದವು, ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವ ದನಿ ಎಂದರೆ ಮಾಮಿಯದು. ಅವರು ಪ್ರಾಥಮಿಕ ಶಾಲೆಯ ಟೀಚರ್. ಸಂಜೆ ಶಾಲೆಯಿಂದ ಬಂದವರೇ ಕಾಲು ಚಾಚಿ ಕೂತು, ಅಂದಿನ ಮಕ್ಕಳ, ಪೋಷಕರ, ಹೆಡ್‌ಮಾಸ್ತರರ ಮಾತನ್ನೆಲ್ಲ ಅವರವರ ದನಿಯಲ್ಲೇ ಹೇಳುತ್ತಿದ್ದರು. ಒಬ್ಬೊಬ್ಬರ ಬಾಯಲ್ಲಿ ಮಾತು ಹೇಗೆ ಬೇರೆ ಬೇರೆಯಾಗುತ್ತದೆ ಎಂದು ನಾನು ಕಲಿತದ್ದು ಅಲ್ಲಿ.

ಕೊನೆಗೆ ನಾನು ಆ ಮನೆ ಬಿಟ್ಟೆ. ಹೊರಟ ದಿನ ಮಾಮಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ತಿರುಗದೆಯೇ "ಬಸ್ಸಿಗೆ ಹೊತ್ತಾಯ್ತು, ಹೋಗು" ಎಂದರು. ಗೇಟಿನವರೆಗೆ ಬರಲಿಲ್ಲ. ಹಾಲು ತರುವವಳನ್ನೂ ಗೇಟಿನವರೆಗೆ ಬಿಟ್ಟುಬರುವ ಹೆಂಗಸು ಅವರು.

ಆಮೇಲೆ ವಿಚ್ಛೇದನದ ಕಾಗದಪತ್ರ ಮುಗಿಯಿತು, ಅವನಿಗೆ ಇನ್ನೊಂದು ಮದುವೆಯಾಯಿತು. ಅವನು ನನ್ನ ನೆನಪಿಗೆ ಬರುವುದು ಕಡಿಮೆ. ಮಾಮಿಯನ್ನು ನೆನೆಯದ ದಿನ ಇಲ್ಲ. ಗಂಡನನ್ನು ಕಳೆದುಕೊಂಡವಳನ್ನು ಜನ ಸಮಾಧಾನ ಮಾಡುತ್ತಾರೆ. ಅತ್ತೆಯನ್ನು ಕಳೆದುಕೊಂಡೆ ಎಂದರೆ ನಗುತ್ತಾರೆ. ಸುಳ್ಯದಲ್ಲಿರುವ ನನ್ನ ತಾಯಿಗೂ ಅದು ಅರ್ಥವಾಗಿರಲಿಲ್ಲ. "ಇನ್ನು ಆ ಮನೆಯ ಸುದ್ದಿ ನಿಂಗೆ ಎಂತಕ್ಕೆ?" ಎಂದು ಕೇಳಿದ್ದರು. ಸವಣೂರಿಗೆ ಶೂಟಿಂಗ್ ಬಂದಮೇಲೆ ದಿನಾ ಕಾಣಿಯೂರಿನ ಬೋರ್ಡ್ ಹಾಕಿದ ಬಸ್ಸು ನನ್ನ ಮುಂದೆಯೇ ನಿಂತು ಹೋಗುತ್ತಿತ್ತು. ಹತ್ತಿರವೆಂದರೆ ಅಷ್ಟು ಹತ್ತಿರ. ನಾನು ಒಮ್ಮೆಯೂ ಹತ್ತಿರಲಿಲ್ಲ.

ಮರುದಿನ ಹತ್ತಿದೆ.

ಮನೆಗೆ ಹೋಗಲಿಲ್ಲ. ಅಲ್ಲಿ ಈಗ ಬೇರೊಬ್ಬಳು ಸೊಸೆಯಿದ್ದಾಳೆ, ಅವಳ ಹೊಸ್ತಿಲು ತುಳಿಯುವ ಹಕ್ಕು ನನಗಿಲ್ಲ. ನಿವೃತ್ತಿಯಾದ ಮೇಲೆ ಮಾಮಿ ಹಾಲಿನ ಸೊಸೈಟಿಯ ಅಧ್ಯಕ್ಷೆಯಾಗಿದ್ದಾರೆ, ಸಂಜೆ ಹಾಲು ಅಳೆಯುವ ಹೊತ್ತಿಗೆ ಅಲ್ಲಿರುತ್ತಾರೆ ಎಂದು ಕೇಳಿದ್ದೆ. ಅಲ್ಲಿಗೇ ಹೋದೆ.

ಕ್ಯಾನು ಹಿಡಿದವರ ಸಾಲಿತ್ತು. ಮಾಮಿ ಯಂತ್ರದ ಪಕ್ಕ ಕೂತು, ಚಿಕ್ಕ ಬಾಟಲಿಗಳಲ್ಲಿ ತೆಗೆದ ಹಾಲನ್ನು ಒಂದೊಂದಾಗಿ ಪರೀಕ್ಷೆಗೆ ಇಡುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು. ಬಾಟಲಿಯ ಮೇಲಿನ ಗುರುತು ಓದುವುದಕ್ಕೆ ಅದನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ನನ್ನನ್ನು ನೋಡಿದರು. ಕೈಯಲ್ಲಿದ್ದ ಬಾಟಲಿಯನ್ನು ಯಂತ್ರಕ್ಕಿಟ್ಟು, ಅಂಕೆ ಬರುವವರೆಗೆ ಕಾದು, ಚೀಟಿ ಹರಿದು ಕೊಟ್ಟ ಮೇಲೆ ಮಾತಾಡಿದರು. ನಮ್ಮಿಬ್ಬರ ಮಾತು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾವಾಗ ಬಂದದ್ದು?"

"ಈಗಷ್ಟೆ, ಮಾಮಿ."

ಸಾಲಿನಲ್ಲಿದ್ದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು, ತಲೆಯ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ ಕೇಳಿದರು, "ಟೀಚರೇ, ಇವರು ಯಾರು?"

ಮಾಮಿ ಮುಂದಿನ ಬಾಟಲಿ ಎತ್ತಿಕೊಂಡರು. "ಗುರ್ತದವರು. ಪುತ್ತೂರಿನವರು."

ಪರಿಚಯದವರು ಅಷ್ಟೆ. ತಪ್ಪೇನೂ ಇರಲಿಲ್ಲ ಅದರಲ್ಲಿ. ಬೇರೆ ಯಾವ ಶಬ್ದವಿದೆ ನನಗೆ? ಆದರೂ ಅಲ್ಲಿಂದಲೇ ವಾಪಸು ಬಸ್ಸು ಹತ್ತಬೇಕೆನಿಸಿತು. ಬೆಂಚಿನ ತುದಿಯಲ್ಲಿ ಕೂತೆ. ಸಾಲು ಕರಗುವವರೆಗೆ ಮಾಮಿ ನನ್ನ ಕಡೆ ನೋಡಲಿಲ್ಲ. ಕೊನೆಯ ಕ್ಯಾನು ಹೋದ ಮೇಲೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದು ಪಕ್ಕ ಕೂತರು.

"ಸಪೂರ ಆಗಿದ್ದಿ. ಊಟ ಮಾಡುದಿಲ್ವಾ?"

"ಮಾಡ್ತೇನೆ."

"ನಿನ್ನ ಸೀರಿಯಲ್ ನೋಡ್ತೇನೆ ನಾನು. ಆ ಅತ್ತೆ ಎಂತ ಮಾರಾಯ್ತಿ ಅಷ್ಟು ಜೋರು! ನಮ್ಮ ಸೊಸೆ ಹೇಳ್ತಾಳೆ, ಇದು ಬರೆಯುವವರಿಗೆ ಭಾರೀ ಕೆಟ್ಟ ಅತ್ತೆ ಸಿಕ್ಕಿರ್ಬೇಕು ಅಂತ." ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸದ ವಿಷಯ ಹೇಳಿದೆ. ಸೊಸೆ ಮನೆ ಬಿಡುವ ದೃಶ್ಯ, ಎರಡು ಸಲ ಬರೆದು ಹಾಳುಮಾಡಿದ್ದು, ನಟಿಯ ಕೆಲಸ ಹೋಗಬಹುದಾದದ್ದು ಎಲ್ಲ. ಹೇಳುತ್ತ ಹೇಳುತ್ತ ನಾನು ನಿಜವಾಗಿ ಕೇಳಬೇಕಾದದ್ದು ಬಾಯಿಗೆ ಬಂತು.

"ಮಾಮಿ, ಅವತ್ತು ನೀವು ಗೇಟಿನವರೆಗೆ ಯಾಕೆ ಬರ್ಲಿಲ್ಲ?"

ಅವರು ರಸ್ತೆಯ ಕಡೆ ತಿರುಗಿದರು.

"ಬಂದಿದ್ದರೆ ನೀನು ತಿರುಗಿ ನೋಡ್ತಿದ್ದೆ. ನೋಡಿದ್ದರೆ ಹೋಗ್ತಿರ್ಲಿಲ್ಲ. ಇನ್ನೊಂದು ಹತ್ತು ವರ್ಷ ಅವನಿಗೆ ಬಡಿಸಿಕೊಂಡು ಇರ್ತಿದ್ದೆ, ನನ್ನ ಮುಖ ನೋಡಿಕೊಂಡು. ಅವನು ನನ್ನ ಮಗ. ಅವನಿಗೆ ನಾನು ಬುದ್ಧಿ ಹೇಳಿ ಆಗ್ಲಿಲ್ಲ. ನಿನ್ನನ್ನು ಕಳಿಸ್ಲಿಕ್ಕಾದ್ರೂ ಆಗ್ಬೇಕಲ್ಲ."

ಸೊಸೈಟಿಯ ಒಳಗೆ ಹಾಲು ತಣ್ಣಗೆ ಮಾಡುವ ಯಂತ್ರ ಗುಂಯ್ ಎನ್ನುತ್ತಿತ್ತು. ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾಮಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ರಸ್ತೆಯಲ್ಲಿ ಯಾರೋ ಬರುವುದನ್ನು ಕಂಡು ತೆಗೆದರು.

ಹೊರಡುವ ಮುಂಚೆ ಕೇಳಿದೆ, "ಇದನ್ನು ಬರೆಯಬಹುದಾ ಮಾಮಿ?"

ಅವರು ಟೀಚರಿನ ದನಿಯಲ್ಲಿ ಹೇಳಿದರು, "ನಾನು ಈಗ ಹೇಳಿದ್ದನ್ನು ಸೀರಿಯಲಿಗೆ ಬರೆಯುದು ಬೇಡ. ಅದು ನಿಂಗೆ ಹೇಳಿದ್ದು, ಟೀವಿಗೆ ಅಲ್ಲ. ಮಾಡಿದ್ದನ್ನು ಬೇಕಾದರೆ ಬರಿ."

ಆ ಒಂದು ನಿಯಮವನ್ನು ಹಿಡಿದು ನಾನು ಮೂರನೆಯ ಸಲ ಕೂತೆ. ಟೀವಿಗೆ ಬರೆಯುವವರಿಗೆ ಇದಕ್ಕಿಂತ ಕಷ್ಟದ ನಿಯಮ ಇಲ್ಲ. ನಮ್ಮಲ್ಲಿ ಪಾತ್ರ ಮೊದಲು ಮಾಡುತ್ತದೆ, ಆಮೇಲೆ ಮಾಡಿದ್ದು ಯಾಕೆಂದು ಹೇಳುತ್ತದೆ, ಆಮೇಲೆ ಇನ್ನೊಬ್ಬರಿಗೆ ಅದನ್ನೇ ವಿವರಿಸುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಕೇಳುವವರಿಗೂ ಕಥೆ ತಪ್ಪಬಾರದು. ಕಾರಣ ಹೇಳದೆ ಅತ್ತೆಯನ್ನು ತಿರುಗಿಸುವುದು ಹೇಗೆ?

ಬಹಳ ಹೊತ್ತು ಹಳೆಯ ಕಂತುಗಳ ಹಾಳೆಗಳನ್ನು ತಿರುವಿದೆ. ಪ್ರತಿ ವಾರವೂ ಎಲ್ಲೋ ಒಂದು ಕಡೆ ಅತ್ತೆ "ಈ ಮನೆಯಿಂದ ಹೋಗು" ಅನ್ನುತ್ತಾಳೆ. ನಾನೇ ಬರೆದದ್ದು. ಹೊಸ ಮಾತಿನ ಅಗತ್ಯವೇ ಇಲ್ಲ ಎಂದು ಆಗ ಹೊಳೆಯಿತು. ಅದೇ ಮಾತು ಇರಲಿ. ಮಗ ಸೊಸೆಯನ್ನು ಎಲ್ಲರ ಮುಂದೆ ಕಡೆಗಣಿಸುವುದನ್ನು ಹಿಂದಿನ ದೃಶ್ಯದಲ್ಲಿ ಅತ್ತೆ ಬಾಗಿಲ ಮರೆಯಿಂದ ನೋಡುತ್ತಾಳೆ. ಏನೂ ಹೇಳುವುದಿಲ್ಲ. ಮರುದಿನ ಸೊಸೆ ಬ್ಯಾಗು ಹಿಡಿದು ಅಡುಗೆಮನೆಗೆ ಬಂದು, ಅತ್ತೆ ತಡೆದಾಳೋ ಎಂಬ ಆಸೆಯಿಂದ ನಿಲ್ಲುತ್ತಾಳೆ. ಅತ್ತೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾಳೆ. "ಇನ್ನೂ ಯಾಕೆ ನಿಂತಿದ್ದಿ? ಈ ಮನೆಯಿಂದ ಹೋಗು." ಸೊಸೆ ಹೋಗುತ್ತಾಳೆ. ಗೇಟಿನ ಸದ್ದು ಕೇಳುತ್ತದೆ. ಅತ್ತೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಮಗ ಬಂದು "ಹೋದಳಾ?" ಎಂದು ಕೇಳುತ್ತಾನೆ. ಅತ್ತೆ ಅವನಿಗೆ ತಟ್ಟೆ ಇಡುವುದಿಲ್ಲ. ಅಷ್ಟೇ ದೃಶ್ಯ.

ನಿರ್ದೇಶಕರು ಓದಿ ಹಾಳೆಯ ಹಿಂಬದಿ ನೋಡಿದರು, ಅಲ್ಲೇನಾದರೂ ಉಳಿದಿದೆಯೋ ಎಂದು.

"ಇಷ್ಟೇನಾ ಮೇಡಂ?"

"ಇಷ್ಟೇ."

"ಚೆನ್ನಾಗಿದೆ. ಆದರೆ ಅತ್ತೆ ಒಳ್ಳೆಯವಳಾದಳು ಅಂತ ಜನಕ್ಕೆ ಹೇಗೆ ಗೊತ್ತಾಗತ್ತೆ? ಮನಸ್ಸಿನ ಮಾತು ಹಾಕೋಣ. ಪಾತ್ರೆ ತೊಳೀತಿರಬೇಕಾದ್ರೆ ಅವಳ ದನಿ ಕೇಳಲಿ. ಹೋಗಮ್ಮಾ, ಈ ನರಕದಿಂದ ನೀನಾದರೂ ಪಾರಾಗು, ಅಂತ. ಎರಡು ಸಾಲು ಸಾಕು."

ಆ ಎರಡು ಸಾಲು ಹೆಚ್ಚುಕಡಿಮೆ ಮಾಮಿ ಹೇಳಿದ್ದೇ ಆಗಿತ್ತು. ಕೊಟ್ಟುಬಿಟ್ಟರೆ ಕೆಲಸ ಸಲೀಸು. ಚಾನೆಲ್‌ಗೆ ತೃಪ್ತಿ, ನಟಿಗೆ ಕೆಲಸ, ನನಗೆ ನೆಮ್ಮದಿ. ನಾನು ಆಗುವುದಿಲ್ಲ ಎಂದೆ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ, ಮನಸ್ಸಿನ ಮಾತು ಸೇರಿಸುವುದಾದರೆ ಈ ಕಂತಿನಿಂದ ನನ್ನ ಹೆಸರು ತೆಗೆಯಿರಿ, ಮುಂದಿನವನ್ನು ಬೇರೆಯವರಿಂದ ಬರೆಸಿಕೊಳ್ಳಿ ಎಂದು ಹೇಳಿದೆ. ಪುತ್ತೂರಿನಲ್ಲಿ ಕೂತು ಇಂಥ ಇನ್ನೊಂದು ಕೆಲಸ ಸಿಗುವ ಸಾಧ್ಯತೆ ಇರಲಿಲ್ಲ.

ಪರದೆ ಸರಿಸಿ ನಟಿ ಒಳಗೆ ಬಂದರು. ಹಾಳೆ ಅವರ ಕೈಯಲ್ಲೂ ಇತ್ತು.

"ಮೇಡಂ, ಒಂದ ಮಾತು. ಈಕಿ ಗೇಟಿನ ತನಕ ಯಾಕ ಹೋಗಂಗಿಲ್ಲ? ಕಾರಣ ಐತೇನು?"

"ಉಂಟು."

"ಹೇಳಾಕ ಬರ್ತೈತೇನು?"

"ಇಲ್ಲ."

ಅವರು ನಿರ್ದೇಶಕರ ಕಡೆ ತಿರುಗಿದರು. "ಸರ್, ಕಾರಣ ಐತಿ ಅಂತ ಗೊತ್ತಾತಲ್ಲ, ನನಗ ಸಾಕು. ಒಮ್ಮೆ ಮಾಡ್ತೀನಿ. ನಿಮಗ ಸರಿ ಅನಸ್ಲಿಲ್ಲಂದ್ರ ಮನಸಿನ ಮಾತು ಹಾಕ್ರಿ, ನನ್ನ ಫೋಟೋನೂ ಹಾಕ್ರಿ."

ಚಿತ್ರೀಕರಣ ಬೆಳಿಗ್ಗೆಯೇ ಇಟ್ಟುಕೊಂಡರು. ಅಡುಗೆಮನೆ ಇಕ್ಕಟ್ಟು. ಕ್ಯಾಮೆರಾವನ್ನು ಕಿಟಕಿಯ ಹೊರಗೆ ನಿಲ್ಲಿಸಿ, ಸರಳುಗಳ ನಡುವಿನಿಂದ ಅವರ ಮುಖ ಹಿಡಿಯುವುದೆಂದಾಯಿತು. ಸಾಮಾನ್ಯವಾಗಿ ನಾವು ಪಾತ್ರೆಯ ಸದ್ದನ್ನು ಆಮೇಲೆ ಸೇರಿಸುತ್ತೇವೆ. ಆ ದಿನ ನಲ್ಲಿಯ ನೀರು, ಸ್ಟೀಲಿನ ಪಾತ್ರೆ, ಗೇಟಿನ ಕೊಂಡಿ ಎಲ್ಲವನ್ನೂ ಅಲ್ಲೇ ಹಿಡಿಯಲು ಧ್ವನಿಯವರಿಗೆ ಹೇಳಿದೆ. ಸಹಾಯಕ ನಿರ್ದೇಶಕಿ ತನ್ನ ಜಾಗದಲ್ಲಿ ಹಾಳೆ ಹಿಡಿದು ನಿಂತಳು. ಓದಿಹೇಳಲು ಅವಳಿಗಿದ್ದದ್ದು ಒಂದೇ ಸಾಲು.

ನಟಿ ಆ ಸಾಲನ್ನು ಓದಿಸಿಕೊಳ್ಳಲಿಲ್ಲ. ಹುಬ್ಬು ಏರಲಿಲ್ಲ. "ಇನ್ನೂ ಯಾಕೆ ನಿಂತಿದ್ದಿ?" ಎಂದಾಗ ಅವರ ದನಿಯಲ್ಲಿ ಸಿಟ್ಟೇ ಇತ್ತು, ನಾನು ನಿರೀಕ್ಷಿಸಿದ್ದ ಮೃದುತನ ಇರಲಿಲ್ಲ. ಅದೇ ಸರಿ ಎಂದು ಆ ಕ್ಷಣ ತಿಳಿಯಿತು. ಅವತ್ತು ಮಾಮಿಯ ದನಿಯಲ್ಲೂ ಸಿಟ್ಟಿತ್ತು. ಗೇಟಿನ ಕೊಂಡಿ ಬಿದ್ದ ಸದ್ದಿಗೆ ನಟಿಯ ಭುಜ ಒಂದಿಷ್ಟು ಎದ್ದು ನಿಂತಿತು, ಬಾಗಿಲ ಕಡೆ ತಿರುಗಿಯೇ ಬಿಡುತ್ತಾರೇನೋ ಎನ್ನುವ ಹಾಗೆ. ತಿರುಗಲಿಲ್ಲ. ನೀರು ಬಿಟ್ಟೇ ಇತ್ತು. ಪಾತ್ರೆ ತುಂಬಿ ಹರಿಯತೊಡಗಿತು. ನಿರ್ದೇಶಕರು ಕಟ್ ಹೇಳುವುದನ್ನು ಮರೆತರು.

ಟೇಕ್ ಮುಗಿದ ಮೇಲೆ ನಟಿ ಹಿತ್ತಿಲ ಕಲ್ಲಿನ ಮೇಲೆ ಹೋಗಿ ಕೂತರು. ನಾನು ಚಹಾ ತೆಗೆದುಕೊಂಡು ಹೋದೆ.

"ನನ್ನ ಕಾರಣ ನಾ ಹಾಕ್ಕೊಂಡೆ ಮೇಡಂ," ಎಂದರು. "ಕಂಪನಿ ಊರೂರು ತಿರಗತಿತ್ತು. ಮಗಳನ್ನ ಅವ್ವನ ಕಡೆ ಬಿಟ್ಟಿದ್ದೆ. ಆಕಿ ನನ್ನ ನೋಡಾಕ ಬಂದು ಹೋಗಾಕಿ. ಆಕಿನ್ನ ಬಸ್ಸಿಗೆ ಹತ್ತಸಾಕ ಯಾರನ್ನರ ಕಳಸ್ತಿದ್ದೆ, ನಾ ಹೋಗತಿರಲಿಲ್ಲ. ಆಕಿ ಈಗೂ ತಿಳಕೊಂಡಾಳ, ಅವ್ವಗ ಬಣ್ಣದ ಮ್ಯಾಗ ಇದ್ದ ಮೋಹ ನನ್ನ ಮ್ಯಾಗ ಇರಲಿಲ್ಲ ಅಂತ." ಚಹಾ ಆರುವವರೆಗೆ ಕೈಯಲ್ಲೇ ಹಿಡಿದಿದ್ದರು.

ಚಾನೆಲ್‌ನ ಹೆಣ್ಣುಮಗಳು ಸಂಕಲನ ಮಾಡಿದ ಕಂತು ನೋಡಿ ಸಂಗೀತ ಹೆಚ್ಚು ಹಾಕಿಸಿದಳು, ಮಗನ ಮುಖವನ್ನು ಮೂರು ಸಲ ತೋರಿಸಿದಳು. ಮನಸ್ಸಿನ ಮಾತು ಬೇಕೆಂದು ಮಾತ್ರ ಕೇಳಲಿಲ್ಲ. ಪ್ರಸಾರವಾದ ಮೇಲೆ ಪವಾಡವೇನೂ ಆಗಲಿಲ್ಲ. ಇಳಿಯುತ್ತಿದ್ದ ರೇಟಿಂಗು ಇಳಿಯುವುದನ್ನು ನಿಲ್ಲಿಸಿತು, ನಮ್ಮ ಲೆಕ್ಕದಲ್ಲಿ ಅದೇ ದೊಡ್ಡದು. ಆದರೆ ಜನ ಜಗಳವಾಡಿದರು. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಿಂದೆ ಕೂತ ಇಬ್ಬರು ಹೆಂಗಸರು, ನಾನು ಯಾರೆಂದು ಗೊತ್ತಿಲ್ಲದೆ, ಅದನ್ನೇ ಮಾತಾಡುತ್ತಿದ್ದರು.

"ಅವಳು ಮೊದಲೂ ಹೋಗು ಅಂತ್ಲೇ ಹೇಳ್ತಿದ್ದದ್ದು. ಬದಲಾದ್ದು ಎಂತ ಉಂಟು?"

"ಉಂಟು. ನೀನು ಸರಿ ನೋಡ್ಲಿಲ್ಲ. ಅವಳು ಮಗನಿಗೆ ತಟ್ಟೆ ಇಡ್ಲೇ ಇಲ್ಲ."

ನಟಿಯ ಫೋಟೋ ಗೋಡೆಗೇರಲಿಲ್ಲ. ಅತ್ತೆಗೆ ತನ್ನದೇ ಕಥೆ ಬಂತು. ಸೊಸೆ ಇಲ್ಲದ ಮನೆಯಲ್ಲಿ ಅವಳು ಏನು ಮಾಡುತ್ತಾಳೆ ಎಂದು ಬೆಂಗಳೂರಿನಿಂದ ದೃಶ್ಯಗಳು ಬರತೊಡಗಿದವು.

ಮಾಮಿಯಿಂದ ಸುದ್ದಿ ಬರಲಿಲ್ಲ. ದಿನಾ ಕಾದೆ. ನಾನೇ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಅವರು ಮಾಡದಿರುವುದಕ್ಕೂ ಒಂದು ಕಾರಣವಿರುತ್ತದೆ ಎಂದು ಈಗ ಗೊತ್ತಿತ್ತು. ಗೊತ್ತಿದ್ದರೆ ಕಾಯುವುದು ಕಡಿಮೆಯಾಗುವುದಿಲ್ಲ.

ಕೆಲವು ವಾರಗಳ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎಳೆಯ ದನಿ, ಹಿಂದೆ ಮಗುವಿನ ಅಳು.

"ಅಕ್ಕಾ, ನಾನು ಕಾಣಿಯೂರಿನಿಂದ. ಮಾಮಿಯ ಸೊಸೆ." ಅವಳು ಆ ಶಬ್ದ ಹೇಳಿ ತಡೆದಳು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು, "ಮಾಮಿಗೆ ಕಣ್ಣಿನ ಪೊರೆ ತೆಗೆಯುದು, ಪುತ್ತೂರಿನಲ್ಲಿ. ಇವರು ಕೆಲಸದ ಮೇಲೆ ಮುಂಬೈಗೆ ಹೋಗಿದ್ದಾರೆ. ಮಗುವಿಗೆ ಜ್ವರ, ನಂಗೆ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ. ಸೊಸೈಟಿಯ ಜೀಪಿನಲ್ಲಿ ಬಿಟ್ಟುಹೋಗ್ತಾರೆ, ಸಂಜೆ ನಾನು ಹೇಗಾದರೂ ಬರ್ತೇನೆ. ನಡುವೆ ಯಾರು ಕೂತ್ಕೊಳ್ಳುದು ಅಂತ ಕೇಳಿದ್ದಕ್ಕೆ ಮಾಮಿ ಯಾರ ಹೆಸರೂ ಹೇಳುದಿಲ್ಲ. ನಂಗೆ ಅನಿಸಿತು, ಮಾಮಿಯ ಫೋನಿನಿಂದ ನಂಬರ್ ತೆಗೆದು ನಿಮ್ಮನ್ನೇ ಕೇಳುವ ಅಂತ. ತಪ್ಪಾ ಅಕ್ಕಾ?"

ಧಾರಾವಾಹಿಯಲ್ಲಿ ಎರಡನೆಯ ಹೆಂಡತಿಯನ್ನು ನಾನು ಎಷ್ಟು ಸಲ ಬರೆದಿದ್ದೇನೋ. ಇಂಥವಳನ್ನು ಬರೆದಿರಲಿಲ್ಲ. "ತಪ್ಪಲ್ಲ," ಎಂದೆ. ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡೆ.

ಶಸ್ತ್ರಚಿಕಿತ್ಸೆ ಬೇಗ ಮುಗಿಯಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಮಾಮಿಯನ್ನು ವಾರ್ಡಿಗೆ ತಂದರು. ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡು ಸ್ವಲ್ಪ ಹೊತ್ತು ಮಲಗಿರಿ, ಫೋನು ಟೀವಿ ಏನೂ ಬೇಡ ಎಂದು ನರ್ಸ್ ಹೇಳಿಹೋದಳು. ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡೆ. ಮಾಮಿ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಅಕ್ಕಪಕ್ಕದ ಮಂಚಗಳಲ್ಲಿ ಜನರಿದ್ದರು. ಕೈ ತೆಗೆಯಲಿಲ್ಲ.

"ಅವಳು ಕರೆದದ್ದಾ?"

"ಹೌದು ಮಾಮಿ."

"ಒಳ್ಳೆ ಹುಡುಗಿ ಅವಳು. ಅವನು ಅವಳ ಹತ್ತಿರ ಮಾತಾಡ್ತಾನೆ." ಮುಖ ನನ್ನ ಕಡೆ ಹೊರಳಿಸಿ, "ನಿಂಗೆ ಬೇಜಾರಾ?" ಎಂದು ಕೇಳಿದರು.

ಯೋಚಿಸಿ ನೋಡಿದೆ. "ಅದಕ್ಕೆ ಇಲ್ಲ."

ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಹಿಡಿದ ಕೈಯನ್ನು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು. "ಇವತ್ತಿನ ಸೀರಿಯಲ್ ತಪ್ಪಿಹೋಗ್ತದೆ ನಂಗೆ," ಎಂದರು.

"ಇವತ್ತಿನದ್ದು ನಾನೇ ಬರೆದದ್ದಲ್ವಾ. ಹೇಳಲಾ?"

ಹೇಳತೊಡಗಿದೆ. ಅತ್ತೆ ಒಬ್ಬಳೇ ಮನೆಯಲ್ಲಿದ್ದಾಳೆ, ಸೊಸೆಯ ಕೋಣೆಯ ಕಿಟಕಿ ತೆಗೆಯುತ್ತಾಳೆ. ಪಕ್ಕದ ಮಂಚದ ಹೆಂಗಸು ತನ್ನ ಮಾತು ನಿಲ್ಲಿಸಿ ಈಚೆ ತಿರುಗಿದಳು. ಮಾಮಿ ಕಣ್ಣು ಮುಚ್ಚಿಯೇ ಕೇಳುತ್ತಿದ್ದರು. ಒಂದು ಕಡೆ ತಡೆದರು.

"ಅಲ್ಲಿ ಅವಳು ಅಷ್ಟು ಮಾತಾಡುದಿಲ್ಲ."

"ಸರಿ, ನಿಮಗೆ ಹೇಳುವಾಗ ತೆಗೀತೇನೆ."

"ಆಮೇಲೆ ಎಂತ ಆಯ್ತು?"

"ಆಮೇಲಿನದ್ದು ನಾನು ಇನ್ನೂ ಬರೆದಿಲ್ಲ ಮಾಮಿ."

"ಹಾಗಾದರೆ ಈಗ ಬರಿ. ಬಾಯಲ್ಲೇ ಹೇಳು, ನಾನು ಕೇಳ್ತೇನೆ."

ಬರೆಯದ ದೃಶ್ಯವನ್ನು ನಾನು ಹೇಳತೊಡಗಿದೆ, ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ. ಅವರನ್ನು ಕರೆದುಕೊಂಡು ಹೋಗಲು ಮನೆಯವರು ಬರುವುದಕ್ಕೆ ಇನ್ನೂ ಹೊತ್ತಿತ್ತು.